ತಾರೀಖಿಲ್ಲದ ನಂಬಿಕೆ ಪತ್ರ

ಬೆಳಗಿನ ಏಳು ಗಂಟೆಗೆ ಆ ಮನೆಯ ಒಂದೇ ಕನ್ನಡಿಯ ಮುಂದೆ ಮೂವರು ನಿಲ್ಲಬೇಕಾಗಿತ್ತು. ಅಕ್ಷರದಣ್ಣ ಮೀಸೆ ಕತ್ತರಿಸಿಕೊಳ್ಳಬೇಕು, ಅವನ ಹೆಂಡತಿ ತಲೆ ಬಾಚಿಕೊಳ್ಳಬೇಕು, ಸೊಸೆ ಕೂದಲನ್ನೆಲ್ಲ ಬಿಗಿಯಾಗಿ ಸುತ್ತಿ ಕೆಲಸದ ಟೋಪಿಯೊಳಗೆ ತುರುಕಿಕೊಳ್ಳಬೇಕು.

"ಮೂರು ಜನಕ್ಕೇ ಜಾಗ ಸಾಲದು ಅಂದ್ರೆ, ಈಗ ನಾಲ್ಕನೆಯವರು ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದಾರೆ," ಎಂದು ಅತ್ತೆ ಸೊಸೆಯ ಆರು ತಿಂಗಳ ಹೊಟ್ಟೆಯನ್ನು ನೋಡಿ ನಕ್ಕಳು.

"ನಾಲ್ಕನೆಯವರಿಗೆ ಮೀಸೆ ಇಲ್ಲ ಅತ್ತೆ, ಬೇಗ ಮುಗಿಸ್ತಾರೆ," ಎಂದಳು ಸೊಸೆ. ಅಕ್ಷರದಣ್ಣ ಕತ್ತರಿಯನ್ನು ಮೀಸೆಯಿಂದ ದೂರ ಹಿಡಿದು ನಕ್ಕ. ನಗುವಾಗ ಕತ್ತರಿ ಆಡಿಸುವಷ್ಟು ಅಜಾಗರೂಕತೆ ಅವನ ಜಾಯಮಾನದಲ್ಲಿ ಇರಲಿಲ್ಲ.

ಮಗ ಲಾರಿ ಓಡಿಸುತ್ತಿದ್ದ. ವಾರಕ್ಕೊಮ್ಮೆ ಬಂದು, ಒಂದು ಹಗಲು ನಿದ್ದೆ ಮಾಡಿ, ಮತ್ತೆ ಹೊರಡುತ್ತಿದ್ದ. ಉಳಿದಂತೆ ಆ ಮನೆಯ ಬದುಕು ಬೀದಿಯ ಕೊನೆಯಲ್ಲಿದ್ದ ಲಾಂಡ್ರಿಯ ಸುತ್ತಲೇ ತಿರುಗುತ್ತಿತ್ತು. ಹೋಟೆಲುಗಳ, ಆಸ್ಪತ್ರೆಗಳ ಬೆಡ್‌ಶೀಟುಗಳು ಗಂಟುಗಂಟಾಗಿ ಅಲ್ಲಿಗೆ ಬರುತ್ತಿದ್ದವು. ಹಬೆ ಉಗುಳುವ ದೊಡ್ಡ ಪೀಪಾಯಿಗಳಲ್ಲಿ ಅವು ಬೇಯುತ್ತಿದ್ದವು. ಹಿಂಡಿದ ಮೇಲೆ, ಮೈ ಸುಡುವ ಎರಡು ಉಕ್ಕಿನ ಉರುಳೆಗಳ ನಡುವೆ ಹಾದು, ಗರಿಗರಿಯಾಗಿ ಆಚೆ ಬರುತ್ತಿದ್ದವು. ಆ ಯಂತ್ರಕ್ಕೆ ಅಲ್ಲಿಯವರು 'ರೋಲರು' ಎನ್ನುತ್ತಿದ್ದರು. ರೋಲರಿಗೆ ಒದ್ದೆ ಬಟ್ಟೆ ಹಿಡಿಯುವವರಲ್ಲಿ ಸೊಸೆಯೂ ಒಬ್ಬಳು.

ಅಕ್ಷರದಣ್ಣನದು ಗುರುತಿನ ಮೇಜು. ಒಳಗೆ ಬರುವ ಪ್ರತಿ ಬಟ್ಟೆಯ ಎಡಗಡೆಯ ಕೆಳಮೂಲೆಯಲ್ಲಿ, ಎಷ್ಟು ಕುದಿಸಿದರೂ ಹೋಗದ ಕಪ್ಪು ಶಾಯಿಯಿಂದ, ಸಾಸಿವೆಯಷ್ಟು ಸಣ್ಣ ಅಂಕಿಯೊಂದನ್ನು ಬರೆಯುವುದು ಅವನ ಮೂವತ್ತೊಂದು ವರ್ಷದ ಕೆಲಸ. ಮೂಲೆ ಖಾಲಿ ಬಿಟ್ಟರೆ ಬಟ್ಟೆ ಕಳೆದುಹೋಗುತ್ತದೆ ಎಂಬುದು ಅವನ ಸಿದ್ಧಾಂತ. ಅವನ ಬರಹ ಮುತ್ತು ಪೋಣಿಸಿದಂತೆ ಇತ್ತು. ಹಾಗಾಗಿಯೇ ಆ ಅಡ್ಡಹೆಸರು. ಹಾಗಾಗಿಯೇ, ತೀರಿಹೋದ ದೊಡ್ಡ ಯಜಮಾನರು ಅವನಿಗೆ ಇನ್ನೊಂದು ಗೌರವವನ್ನೂ ದಯಪಾಲಿಸಿದ್ದರು. 'ನಂಬಿಕೆ ಪತ್ರ' ಬರೆಯುವ ಗೌರವ.

ಈ ನಂಬಿಕೆ ಪತ್ರವೆಂದರೇನೆಂದು ಇಲ್ಲಿಯೇ ತಿಳಿಸಿಬಿಡುವುದು ಒಳ್ಳೆಯದು. ಲಾಂಡ್ರಿಗೆ ಹೊಸದಾಗಿ ಯಾರು ಸೇರಿದರೂ ಮೊದಲ ದಿನ ಯಜಮಾನರ ಕೋಣೆಯಲ್ಲಿ ಅಕ್ಷರದಣ್ಣನ ಎದುರು ಕೂರಬೇಕು. ಅವನು ಒಂದು ಬಿಳಿ ಹಾಳೆಯಲ್ಲಿ ಹೀಗೆ ಬರೆಯುವನು: 'ನನ್ನ ಸ್ವಂತ ಕಾರಣಗಳಿಂದ, ಯಾರ ಒತ್ತಾಯವೂ ಇಲ್ಲದೆ, ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ.' ತಾರೀಖಿನ ಜಾಗ ಖಾಲಿ. ಕೆಳಗೆ ಹೊಸಬರ ಸಹಿ. ಹಾಳೆ ಹಸಿರು ಬೀರುವಿಗೆ ಹೋಗುತ್ತದೆ. "ಇದು ರಾಜೀನಾಮೆ ಅಲ್ಲ ಕಣಪ್ಪ, ನೀನು ನನ್ನ ನಂಬಿದೀಯ ಅನ್ನೋದಕ್ಕೆ ಗುರುತು. ಬೀರೂನಲ್ಲಿ ಸುಮ್ಮನೆ ಮಲಗಿರುತ್ತೆ," ಎನ್ನುತ್ತಿದ್ದರು ದೊಡ್ಡ ಯಜಮಾನರು. ಜನ ನಂಬಿದರು. ಅಪ್ಪಂದಿರು ಮಕ್ಕಳನ್ನು ಕರೆತಂದು ಸಹಿ ಹಾಕಿಸಿದರು, ಅಕ್ಕಂದಿರು ತಂಗಿಯರನ್ನು ಕರೆತಂದರು. ಹಾಳೆಯಲ್ಲಿ ಏನಿದೆಯೆಂದು ಕೇಳಿದವರನ್ನು 'ಲಾಯರು ಬಂದ್ರು' ಎಂದು ಗೇಲಿ ಮಾಡಿದರು. ಓದುಗರೇ, ಕೇಡು ಯಾವಾಗಲೂ ಕೋರೆಹಲ್ಲು ತೋರಿಸಿಕೊಂಡು ಬರುವುದಿಲ್ಲ. ಅನೇಕ ಸಲ ಅದು ಸುಂದರವಾದ ಅಕ್ಷರಗಳಲ್ಲಿ ಬರುತ್ತದೆ.

ಐದು ವರ್ಷಗಳ ಹಿಂದೆ ಸೊಸೆಯ ಪತ್ರವನ್ನೂ ಅಕ್ಷರದಣ್ಣನೇ ಬರೆದಿದ್ದ. ಅವಳು ಓದಲು ಹಾಳೆಯತ್ತ ಬಾಗಿದಾಗ, "ಓದೋದೇನಿದೆ ಮಗಳೇ? ಓದಿದ್ರೆ ನಂಬಿಕೆ ಇಲ್ಲ ಅಂದ ಹಾಗಾಗುತ್ತೆ," ಎಂದಿದ್ದ. ಅವಳು ಓದದೆ ಸಹಿ ಹಾಕಿದ್ದಳು.

ಕನ್ನಡಿಯ ಮುಂದೆ ನಗು ಮೂಡಿದ್ದ ಆ ಬುಧವಾರ ಹತ್ತು ಗಂಟೆಗೆ ಸೊಸೆಗೆ ಯಜಮಾನರ ಕೋಣೆಯಿಂದ ಕರೆ ಬಂತು. ಈಗಿನ ಯಜಮಾನ ದೊಡ್ಡವರ ಮಗ. ಎಲ್ಲರಿಗೂ ಸಣ್ಣ ಯಜಮಾನರು. ಹಿಂದಿನ ವಾರವಷ್ಟೇ ಅವಳು ವೈದ್ಯರ ಚೀಟಿ ಕೊಟ್ಟು, ರೋಲರಿನ ಬಿಸಿಯಿಂದ ತನ್ನನ್ನು ಬಟ್ಟೆ ಮಡಿಸುವ ಮೇಜಿಗೆ ಹಾಕಬೇಕೆಂದೂ, ಹೆರಿಗೆಯ ರಜೆ ಯಾವಾಗಿನಿಂದ ಸಿಗುತ್ತದೆಂದೂ ಕೇಳಿದ್ದಳು. ಹತ್ತೇ ನಿಮಿಷದಲ್ಲಿ ಹೊರಬಂದಳು. ಒದ್ದೆ ನೆಲದ ಮೇಲೆ ಮೆಲ್ಲಗೆ ಕಾಲಿಡುತ್ತ ಗುರುತಿನ ಮೇಜಿಗೆ ಬಂದು, ಮಾವ ಅಂಕಿ ಬರೆಯುತ್ತಿದ್ದ ಬಟ್ಟೆಯ ಮೇಲೆಯೇ ಒಂದು ಕಾಗದವನ್ನಿಟ್ಟಳು.

"ಮಾವ, ಇದನ್ನ ಸ್ವಲ್ಪ ಓದಿ ಹೇಳ್ತೀರಾ? ಅಕ್ಷರ ತುಂಬಾ ಚೆನ್ನಾಗಿದೆ."

ಅದು ನಕಲು. ಮುತ್ತಿನಂಥ ಸಾಲುಗಳು. ಅವನದೇ ಸಾಲುಗಳು. ತಾರೀಖಿನ ಜಾಗದಲ್ಲಿ ಮಾತ್ರ ಬೇರೆ ಯಾರದೋ ಓರೆ ಬರಹ: ಅಂದಿನದೇ ದಿನಾಂಕ. ಕೆಲಸದಲ್ಲಿ ಇಲ್ಲದವಳಿಗೆ ರಜೆ ಎಲ್ಲಿಯದು?

ಅಕ್ಷರದಣ್ಣನ ಕೈಯಿಂದ ಶಾಯಿಯ ಕುಂಚ ಜಾರಿ, ಆಸ್ಪತ್ರೆಯ ಬಿಳಿ ಬಟ್ಟೆಯ ಮೇಲೆ ದೊಡ್ಡ ಕಲೆಯಾಯಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಕಲೆ.

ಆ ಸಂಜೆ ಅವನಿಗೆ ಕೂರಲಾಗಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಓಡಾಡಿದ.

"ರೀ, ಒಂದು ಕಡೆ ನಿಲ್ಲಿ, ನನಗೆ ತಲೆ ಸುತ್ತುತ್ತೆ," ಎಂದಳು ಹೆಂಡತಿ. "ಸಣ್ಣ ಯಜಮಾನರ ಹತ್ರ ಹೋಗಿ ಕೈಕಾಲು ಹಿಡಿದ್ರೆ ಆಯ್ತು. ಅವರೂ ಮಕ್ಕಳೊಂದಿಗರು. ಇವಳೇ ಏನೋ ಎದುರು ಮಾತಾಡಿರಬೇಕು."

"ಎದುರು ಮಾತಾಡಿಲ್ಲ ಅತ್ತೆ. ರಜೆ ಕೇಳಿದೆ."

"ಅದೇ! ಕೇಳೋದ್ಯಾಕೆ? ನಾವೆಲ್ಲ ಕೇಳಿದ್ವಾ? ನನ್ನ ಹೊಟ್ಟೇಲಿ ನಿನ್ನ ಗಂಡ ಇದ್ದಾಗ ನಾನೇ ಕೆಲಸ ಬಿಟ್ಟು ಮನೇಲಿ ಕೂತೆ."

"ನೀವೇ ಬಿಟ್ರಾ ಅತ್ತೆ, ಇಲ್ಲಾ ನಿಮ್ಮ ಪತ್ರಕ್ಕೆ ಯಾರಾದ್ರೂ ತಾರೀಖು ಹಾಕಿದ್ರಾ?"

ಅತ್ತೆಯೂ ಆ ಲಾಂಡ್ರಿಯಲ್ಲಿ ಎರಡು ವರ್ಷ ದುಡಿದವಳು. ಕೈಯಲ್ಲಿದ್ದ ಪಾತ್ರೆಯನ್ನು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಮರುದಿನ ಅಕ್ಷರದಣ್ಣ ಯಜಮಾನರ ಕೋಣೆಗೆ ಹೋದ. ಸಣ್ಣ ಯಜಮಾನ ಎದ್ದು ನಿಂತು ಕುರ್ಚಿ ತೋರಿಸಿದ. ಅವನ ಮರ್ಯಾದೆಗೆ ಯಾವತ್ತೂ ಕೊರತೆ ಇರಲಿಲ್ಲ.

"ಅಣ್ಣ, ನೀವು ಮನಸ್ಸಿಗೆ ಹಚ್ಕೋಬೇಡಿ. ಮಗು ಆಗಲಿ, ಒಂದೆರಡು ವರ್ಷ ದೊಡ್ಡದಾಗಲಿ. ಆಮೇಲೆ ಬರಲಿ, ಹೊಸದಾಗಿ ಸೇರಿಸ್ಕೊಳ್ಳೋಣ. ನೀವೇ ಹೊಸ ನಂಬಿಕೆ ಪತ್ರ ಬರೆದುಕೊಡಿ."

"ದೊಡ್ಡ ಯಜಮಾನರು ಇದು ಬೀರೂನಲ್ಲಿ ಮಲಗಿರುತ್ತೆ ಅಂದಿದ್ರು."

"ಮಲಗಿತ್ತಲ್ಲ, ಐದು ವರ್ಷ?" ಸಣ್ಣ ಯಜಮಾನ ಮುಗುಳ್ನಕ್ಕ. "ನಿಮ್ಮದೂ ಮಲಗಿದೆ ಅಣ್ಣ. ಎಲ್ಲಕ್ಕಿಂತ ಕೆಳಗೆ. ಅದನ್ನ ಯಾಕೆ ಎಬ್ಬಿಸೋದು, ಈ ವಯಸ್ಸಲ್ಲಿ?"

ಅಕ್ಷರದಣ್ಣ ಕೈಮುಗಿದು ಹೊರಬಂದ. ಕೈ ಮುಗಿದದ್ದೇಕೆಂದು ಅವನಿಗೇ ತಿಳಿಯಲಿಲ್ಲ, ಕೈಗಳಿಗೆ ಅಭ್ಯಾಸವಾಗಿತ್ತು. ಆ ಕ್ಷಣದಲ್ಲಿ ಅವನಿಗೆ ರೋಲರ್ ಮೇಸ್ತ್ರಿಯ ನೆನಪಾಯಿತು. ಎರಡು ವರ್ಷಗಳ ಹಿಂದೆ ಆ ಮನುಷ್ಯನ ಬಲಗೈ ಉರುಳೆಗಳ ನಡುವೆ ಸಿಕ್ಕಿ ಸುಟ್ಟುಹೋಗಿತ್ತು. ಅಪಘಾತದ ಹಿಂದಿನ ದಿನವೇ ಅವನು ರಾಜೀನಾಮೆ ಕೊಟ್ಟಿದ್ದನೆಂದೂ, ಆದ್ದರಿಂದ ಅಂದು ಅವನು ಕೆಲಸಗಾರನೇ ಅಲ್ಲವೆಂದೂ ಕಾಗದ ಹೇಳಿತ್ತು. ಅಂದು ಅಕ್ಷರದಣ್ಣ, 'ಕೆಲಸ ಬಿಟ್ಟವನು ರೋಲರಿನ ಹತ್ತಿರ ಯಾಕೆ ಹೋದ, ಪಾಪ' ಎಂದು ಮರುಗಿದ್ದ! ಮರುಗಿ, ಮಧ್ಯಾಹ್ನದ ಊಟ ಮಾಡಿದ್ದ.

ಶನಿವಾರ ಸೊಸೆ, "ಲೈಬ್ರರಿಗೆ ಹೋಗಿಬರ್ತೀನಿ," ಎಂದು ಹೊರಟಳು. ಅವಳು ಹಿಂದೆಂದೂ ಲೈಬ್ರರಿಗೆ ಹೋದವಳೇ ಅಲ್ಲ. ಅಕ್ಷರದಣ್ಣನ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಅರ್ಧ ಬೀದಿ ಹಿಂದೆ ಉಳಿದು ಹಿಂಬಾಲಿಸಿದ.

ಸಾರ್ವಜನಿಕ ಗ್ರಂಥಾಲಯದ ಹಿಂದಿನ ಮೂಲೆಯಲ್ಲಿ ಒಂದು ಮೇಜು. ಗೋಡೆಯ ಮೇಲೆ ರಟ್ಟಿನ ಹಲಗೆ: 'ಕೆಲಸಗಾರರಿಗೆ ಉಚಿತ ಸಲಹೆ. ಶನಿವಾರ ಮೂರರಿಂದ ಐದು.' ಮೇಜಿನ ಹಿಂದೆ, ಕಾರ್ಮಿಕ ಕಚೇರಿಯಿಂದ ನಿವೃತ್ತಳಾದ ದಪ್ಪ ಕನ್ನಡಕದ ಹೆಂಗಸು. ಜನ ಆಕೆಗೆ ಸಲಹೆಯಮ್ಮ ಎನ್ನುತ್ತಿದ್ದರು. ಸರದಿಯಲ್ಲಿದ್ದವರೆಲ್ಲ ಯಜಮಾನರ ಕಡೆಯವರು ಕಂಡಾರೆಂಬ ಅಂಜಿಕೆಯಿಂದ ಒಂದೊಂದು ಪುಸ್ತಕ ಹಿಡಿದು ಓದುಗರ ಸೋಗು ಹಾಕಿದ್ದರು. ಅಕ್ಷರದಣ್ಣ ಕಪಾಟಿನ ಮರೆಯಲ್ಲಿ ನಿಂತು ಕೈಗೆ ಸಿಕ್ಕಿದ್ದನ್ನು ಬಿಡಿಸಿದ.

"ಏನಜ್ಜ, ಮಗ್ಗಿ ಮರೆತುಹೋಯ್ತಾ?" ಎಂದಳು ಪಕ್ಕದಲ್ಲಿದ್ದ ಹೋಟೆಲಿನ ಅಡುಗೆಯವಳು. ಅವನು ನೋಡಿಕೊಂಡ. ಮಕ್ಕಳ ಮಗ್ಗಿ ಪುಸ್ತಕ. "ನೀವು ಹಿಡಿದಿರೋದು ರೈಲಿನ ವೇಳಾಪಟ್ಟಿ," ಎಂದು ಮೆಲ್ಲಗೆ ಗೊಣಗಿದ. "ಓಡಿಹೋಗೋ ಯೋಚನೆನೂ ಇದೆ ಬಿಡಿ," ಎಂದಳವಳು.

ಅಷ್ಟರಲ್ಲಿ ಸೊಸೆಯ ಸರದಿ ಬಂದಿತ್ತು. ಅವಳ ಪಕ್ಕದಲ್ಲಿ ಕೂತವನನ್ನು ಕಂಡು ಅಕ್ಷರದಣ್ಣ ಕಪಾಟಿಗೆ ಇನ್ನಷ್ಟು ಒತ್ತಿ ನಿಂತ: ರೋಲರ್ ಮೇಸ್ತ್ರಿ. ಬಲಗೈಗೆ ಬಟ್ಟೆ ಸುತ್ತಿತ್ತು, ಎಡಗೈಯಲ್ಲಿ ಕಾಗದ.

"ರಾಜೀನಾಮೆ ಅಂದ್ರೆ ಏನಮ್ಮ?" ಎಂದು ಕೇಳುತ್ತಿದ್ದಳು ಸಲಹೆಯಮ್ಮ. "ನಾನು ಕೆಲಸ ಬಿಡ್ತೀನಿ ಅಂತ ಮನಸ್ಸು ಮಾಡೋದು. ಮನಸ್ಸು ಮಾಡಿದ ದಿನ ಯಾವುದು ಅಂತ ಬಿಡೋವರಿಗೆ ಗೊತ್ತಿರಬೇಕು, ಪತ್ರ ಇಟ್ಕೊಂಡವರಿಗಲ್ಲ. ಸೇರೋ ದಿನವೇ ಬಿಡೋ ಪತ್ರ ಬರೆಸ್ಕೊಳ್ಳೋದು ನಂಬಿಕೆ ಅಲ್ಲ, ಹಗ್ಗ. ಎಲ್ಲರ ಕುತ್ತಿಗೆಗೂ ಇದೆ ಅಂತ ಯಾರಿಗೂ ಬಿಗಿ ಗೊತ್ತಾಗ್ತಿಲ್ಲ."

"ನಾನೇ ಸಹಿ ಹಾಕಿದೀನಲ್ಲ ಮೇಡಂ."

"ಹಾಕಿದೀರಿ. ಯಾವಾಗ ಅನ್ನೋದೇ ಪ್ರಶ್ನೆ. ಹೆರಿಗೆ ರಜೆ ನಿಮಗೆ ಕಾನೂನು ಕೊಟ್ಟಿದ್ದು, ಯಜಮಾನರು ಕೊಡೋ ಬಕ್ಷೀಸಲ್ಲ. ಆದರೆ ಈ ಪತ್ರ ಐದು ವರ್ಷದ ಹಿಂದಿಂದು ಅಂತ ತೋರಿಸಬೇಕು. ಬರೆದವರು ಯಾರು?"

ಅಕ್ಷರದಣ್ಣ ಮಗ್ಗಿ ಪುಸ್ತಕವನ್ನು ಮುಖಕ್ಕೆ ಒತ್ತಿಕೊಂಡ.

"ಗೊತ್ತಿಲ್ಲ ಮೇಡಂ," ಎಂದಳು ಸೊಸೆ. "ಯಾರೋ ಬರೆದ್ರು."

ಸಲಹೆಯಮ್ಮ ಕನ್ನಡಕವನ್ನು ಮೇಲೆತ್ತಿ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು. "ಇಲ್ಲೇನಿದು, ಕೆಳಗೆ ಮೂಲೆಯಲ್ಲಿ? ಅರವತ್ತಮೂರು?" ಮೇಸ್ತ್ರಿಯ ಕಾಗದವನ್ನೂ ಇಸಿದುಕೊಂಡಳು. "ಇಲ್ಲೂ ಇದೆ. ಎಪ್ಪತ್ತೊಂದು."

ಬಟ್ಟೆಯ ಮೂಲೆಗೆ ಅಂಕಿ ಹಾಕಿ ಹಾಕಿ ಪಳಗಿದ ಕೈ, ಪತ್ರದ ಮೂಲೆಯನ್ನೂ ಖಾಲಿ ಬಿಟ್ಟಿರಲಿಲ್ಲ. ಸೇರಿದವರ ಸರದಿಯಂತೆ ಒಂದು, ಎರಡು, ಮೂರು. ಒಂದು ಪತ್ರವೂ ಕಳೆಯದಿರಲೆಂಬ ಕಾಳಜಿ. ಯಾರೂ ಹೇಳಿರಲಿಲ್ಲ, ಯಾರೂ ಗಮನಿಸಿರಲಿಲ್ಲ.

"ನೀವು ಸೇರಿದ್ದು ಯಾವಾಗ ಮೇಸ್ತ್ರಿ?"

"ಇವರಾದ ಮೇಲೆ ಮೇಡಂ. ನಾಲ್ಕು ವರ್ಷ ಆಯ್ತು."

"ಕೈ ಸುಟ್ಟಿದ್ದು ಎರಡು ವರ್ಷದ ಹಿಂದೆ, ಪತ್ರದಲ್ಲೂ ಆಗಿನ ತಾರೀಖೇ. ಹಾಗಾದ್ರೆ ಎಪ್ಪತ್ತೊಂದನೇ ಪತ್ರ ಎರಡು ವರ್ಷದ ಹಿಂದೆ ಬರೆದದ್ದು, ಅರವತ್ತಮೂರನೇದು ಮೊನ್ನೆ ಬುಧವಾರ ಬರೆದದ್ದು! ಇದೆಂಥ ಎಣಿಕೆ?" ಆಕೆ ಎರಡನ್ನೂ ಅಕ್ಕಪಕ್ಕ ಇಟ್ಟು ಅಂಗೈಯಿಂದ ನೀವಿದಳು. "ಈ ಅಂಕಿ ಹಾಕಿದವರು ಬಂದು, ಸೇರಿದ ದಿನವೇ ಬರೆದೆ ಅಂತ ಒಂದು ಮಾತು ಹೇಳಿದ್ರೆ ಸಾಕು, ಇಬ್ಬರಿಗೂ ದಾರಿ ಆಗುತ್ತೆ. ಹೇಳದಿದ್ರೆ ಇದು ಬರೀ ಶಾಯಿ ಚುಕ್ಕೆ."

"ಈಗ ನಾನೇನು ಮಾಡಬೇಕು ಮೇಡಂ?" ಎಂದಳು ಸೊಸೆ.

ಸಲಹೆಯಮ್ಮ ಆಕ್ಷೇಪಣೆ ಬರೆಸಿದಳು. ಮೇಲೆ ಮೊದಲಿಗೆ ತಾರೀಖು ಹಾಕಿಸಿದಳು. "ಇನ್ನು ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಸೋಮವಾರದಿಂದ ದಿನಾ ಎಂಟಕ್ಕೆ ಗೇಟಿನ ಮುಂದೆ ನಿಲ್ಲಿ. ನಾನು ಬಿಟ್ಟಿಲ್ಲ, ಕೆಲಸಕ್ಕೆ ಬಂದಿದ್ದೇನೆ ಅಂತ ಕಾಣಿಸಬೇಕು. ಆಗದಿದ್ದ ದಿನ ನೆರಳಲ್ಲಿ ಕೂರಿ, ಆದರೆ ಬನ್ನಿ. ಕಾರ್ಮಿಕ ಅಧಿಕಾರಿಗಳ ಮುಂದೆ ಶುಕ್ರವಾರ ಹನ್ನೊಂದಕ್ಕೆ ವಿಚಾರಣೆ ಕೇಳ್ತೀನಿ."

ಅಕ್ಷರದಣ್ಣ ಮಗ್ಗಿ ಪುಸ್ತಕವನ್ನು ತಪ್ಪು ಕಪಾಟಿನಲ್ಲಿಟ್ಟು ಹೊರಬಿದ್ದ. ಸೇತುವೆಯವರೆಗೆ ನಡೆದ, ಅಲ್ಲಿಂದ ಮಾರುಕಟ್ಟೆಗೆ, ಅಲ್ಲಿಂದ ಮತ್ತೆ ಸೇತುವೆಗೆ. ಕಾಲು ದಣಿದರೂ ತಲೆ ದಣಿಯಲಿಲ್ಲ. ನಾನು ಬರೆದೆ, ನಿಜ. ಆದರೆ ತಾರೀಖು ನಾನು ಹಾಕಿದೆನೆ? ಇಲ್ಲ. ಹಾಗಾದರೆ ನನ್ನ ತಪ್ಪೇನು? ಈ ಪ್ರಶ್ನೆಗೆ ಸಿದ್ಧ ಉತ್ತರ ಅವನ ಬಳಿ ಇತ್ತು. ಅದನ್ನು ಹತ್ತು ಸಲ ಹೇಳಿಕೊಂಡ. ಹತ್ತನೆಯ ಸಲವೂ ಅದು ನಾಲಿಗೆಗೆ ಒಗರಾಗಿಯೇ ಇತ್ತು.

ಸೋಮವಾರ ಎಂಟಕ್ಕೆ ಸೊಸೆ ಲಾಂಡ್ರಿಯ ಗೇಟಿನ ಮುಂದೆ, ಟೋಪಿಯನ್ನೂ ಹಾಕಿಕೊಂಡು ನಿಂತಿದ್ದಳು. ಕೆಲಸಗಾರರು ತಲೆ ತಗ್ಗಿಸಿ ಅವಳನ್ನು ದಾಟಿ ಒಳಗೆ ಹೋದರು. ಅಕ್ಷರದಣ್ಣನೂ ಹೋದ.

"ಮಾವ," ಎಂದಳು ಅವಳು. ಅವನ ಹೆಜ್ಜೆ ತಡವರಿಸಿತು. "ಊಟದ ಡಬ್ಬಿ ಮರೆತು ಬಂದಿದೀರಿ."

ಅವನು ಡಬ್ಬಿ ಇಸಿದುಕೊಂಡು ಒಳಗೆ ಹೋದ. ಮಂಗಳವಾರ ಮತ್ತೆ ಮರೆತ, ಮತ್ತೆ ತಂದಿದ್ದಳು. ಬುಧವಾರ ಬಿಸಿಲು ಏರಿದಾಗ ಅವಳು ಗೋಡೆ ಹಿಡಿದು ಕಲ್ಲಿನ ಮೇಲೆ ಕುಸಿದದ್ದನ್ನು ಅವನು ಕಿಟಕಿಯಿಂದ ಕಂಡ. ಬಾಗಿಲವರೆಗೆ ಓಡಿದ. ಅಷ್ಟರಲ್ಲಿ ಬೀದಿಯ ಯಾರೋ ನೀರು ಕೊಟ್ಟಿದ್ದರು. ಅವಳು ಕುಡಿದು, ಮುಖ ಒರೆಸಿಕೊಂಡು, ಮತ್ತೆ ಎದ್ದು ನಿಂತಳು. ಅವನು ಬಾಗಿಲಿನಿಂದಲೇ ಹಿಂದಿರುಗಿದ. ಆ ದಿನ ಬಟ್ಟೆಗಳ ಮೇಲೆ ಅಂಕಿಗಳು ಓರೆಯಾಗಿ ಬಿದ್ದವು. ಮುತ್ತುಗಳು ದಾರ ಕಿತ್ತುಕೊಂಡು ಚೆಲ್ಲಾಪಿಲ್ಲಿಯಾದವು.

ಸಂಜೆ ಹೆಂಡತಿ, ಅವನತ್ತ ನೋಡದೆ, ಒಲೆಯತ್ತ ಮುಖ ಮಾಡಿಯೇ ಹೇಳಿದಳು: "ನಾನು ಬಿಡಲಿಲ್ಲ ರೀ. ಆವಾಗ ನಾನೇ ಬಿಟ್ಟೆ ಅಂತ ನಿಮಗೂ ಹೇಳಿದ್ದೆ, ಅಕ್ಕಪಕ್ಕದವರಿಗೂ ಹೇಳಿದ್ದೆ. ಬಿಡಿಸಿದ್ರು. ಪತ್ರ ತೋರಿಸಿದ್ರು. ನಿಮ್ಮ ಅಕ್ಷರ ನೋಡಿ, ನಿಮಗೆ ಗೊತ್ತಿದ್ದೇ ಆಗಿದೆ ಅಂದ್ಕೊಂಡೆ. ಇಪ್ಪತ್ತೆಂಟು ವರ್ಷ ಹಾಗೇ ಅಂದ್ಕೊಂಡಿದ್ದೆ."

ಅವನು ಗೋಡೆಯನ್ನು ಹಿಡಿದುಕೊಂಡ.

ಶುಕ್ರವಾರ ಒಂಬತ್ತಕ್ಕೆ ಯಜಮಾನರ ಕೋಣೆಯಿಂದ ಕರೆ ಬಂತು. ಸೊಸೆಯ ಜಾಗಕ್ಕೆ ಹೊಸಬಳು ಬಂದಿದ್ದಳು. ನಲವತ್ತರ ಹೆಂಗಸು, ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಕೈಯಲ್ಲಿ ಬಟ್ಟೆಯ ಚೀಲ. ಮೇಜಿನ ಮೇಲೆ ಬಿಳಿ ಹಾಳೆ ಸಿದ್ಧವಾಗಿತ್ತು.

"ಬನ್ನಿ ಅಣ್ಣ. ಎಂಬತ್ತು ಎಷ್ಟನೆಯದೋ ಇರಬೇಕು ಇದು," ಎಂದ ಸಣ್ಣ ಯಜಮಾನ.

ಎಂಬತ್ತೆಂಟು ಎಂಬುದು ಅಕ್ಷರದಣ್ಣನಿಗೆ ಸರಿಯಾಗಿ ಗೊತ್ತಿತ್ತು.

"ನನಗೆ ಓದೋಕೆ ಬರಲ್ಲ ಅಣ್ಣ," ಎಂದಳು ಹೊಸಬಳು ಸಂಕೋಚದಿಂದ. "ನೀವು ಬರೆದದ್ದು ಅಂದ್ರೆ ಸರಿಯಾಗೇ ಇರುತ್ತೆ ಅಂತ ಎಲ್ಲರೂ ಹೇಳಿದ್ರು."

ಅಕ್ಷರದಣ್ಣ ಲೇಖನಿ ತೆಗೆದ. ಮೂವತ್ತೊಂದು ವರ್ಷ ಖಾಲಿ ಬಿಟ್ಟಿದ್ದ ಮೇಲಿನ ಬಲಮೂಲೆಯಲ್ಲಿ ಮೊದಲಿಗೆ ಅಂದಿನ ತಾರೀಖು ಬರೆದ. ಬರೆಯುತ್ತ ಹೋದಂತೆ ಗಟ್ಟಿಯಾಗಿ ಓದಿದ: "'ಇಂದಿನಿಂದ ನಾನು ಈ ಲಾಂಡ್ರಿಯಲ್ಲಿ ರೋಲರಿನ ಕೆಲಸಕ್ಕೆ ಸೇರಿದ್ದೇನೆ. ಇದನ್ನು ನನಗೆ ಓದಿ ಹೇಳಲಾಗಿದೆ.' ಇಷ್ಟೇ ತಾಯಿ. ಸಹಿ ಹಾಕು. ಹಾಳೆ ಚೀಲದಲ್ಲಿಟ್ಟುಕೋ, ಯಾರಿಗೂ ಕೊಡಬೇಡ."

ಕೊಡುವ ಮೊದಲು, ಕೆಳಗೆ ಎಡಮೂಲೆಯಲ್ಲಿ, ಸಾಸಿವೆಯಷ್ಟು ಸಣ್ಣದಾಗಿ ಅಂಕಿ ಹಾಕಿದ. ಎಂಬತ್ತೆಂಟಲ್ಲ. ಒಂದು.

"ಏನಣ್ಣ ಇದು?" ಸಣ್ಣ ಯಜಮಾನನ ದನಿಯಲ್ಲಿ ಮರ್ಯಾದೆ ಇನ್ನೂ ಉಳಿದಿತ್ತು, ಆದರೆ ತೆಳ್ಳಗಾಗಿತ್ತು. "ಸೊಸೆ ತಲೆ ಕೆಡಿಸಿದಾಳಾ?"

"ಇಲ್ಲ. ನಾನೇ ಕೆಡಿಸಿದ್ದೆ, ಎಂಬತ್ತೇಳು ಜನರದ್ದು. ನನ್ನ ಕೈಯಿಂದ ಇನ್ನು ಆ ಪತ್ರ ಬರೆಯೋಕೆ ಆಗಲ್ಲ."

ಸಣ್ಣ ಯಜಮಾನ ಹಸಿರು ಬೀರುವನ್ನು ತೆರೆದ. ಪತ್ರಗಳ ಕಟ್ಟಿನ ತಳದಿಂದ ಹಳದಿಯಾಗಿದ್ದ ಒಂದು ಹಾಳೆಯನ್ನು ಎಳೆದು ಮೇಜಿನ ಮೇಲಿಟ್ಟ. "ಹಾಗಾದ್ರೆ ಇದಕ್ಕೂ ತಾರೀಖು ಹಾಕೋಣ."

"ಹಾಕಿ, ಸಣ್ಣ ಯಜಮಾನರೇ. ಇವತ್ತಿಂದೇ ಹಾಕಿ, ನಿನ್ನೆಯದು ಬೇಡ. ಒಂದು ನಕಲು ನನಗೂ ಕೊಡಿ. ಅದರ ಮೂಲೆ ನೋಡಿ, ಅಲ್ಲೂ ಒಂದು ಅಂತ ಇದೆ. ಹನ್ನೊಂದು ಗಂಟೆಗೆ ನನಗದು ಬೇಕು."

ಸಣ್ಣ ಯಜಮಾನ ಬಗ್ಗಿ ಮೂಲೆಯನ್ನು ನೋಡಿದ. ಕಟ್ಟಿನ ಮೇಲಿನ ಇನ್ನೊಂದು ಹಾಳೆಯ ಮೂಲೆಯನ್ನೂ, ಅದರ ಕೆಳಗಿನದನ್ನೂ ನೋಡಿದ. ತಾರೀಖು ಹಾಕಲೆಂದು ತೆರೆದ ಅವನ ಪೆನ್ನು ಗಾಳಿಯಲ್ಲೇ ನಿಂತಿತು. ಅಕ್ಷರದಣ್ಣ ನಕಲಿಗೆ ಕಾಯಲಿಲ್ಲ. ಈ ಸಲ ಕೈಯನ್ನೂ ಮುಗಿಯಲಿಲ್ಲ.

ಗೇಟಿನ ಬಳಿ ಸೊಸೆ ಡಬ್ಬಿ ಹಿಡಿದು ನಿಂತಿದ್ದಳು.

"ಬಾ ಮಗಳೇ, ಹೊತ್ತಾಯ್ತು. ಡಬ್ಬಿ ಅಲ್ಲೇ ಬಿಚ್ಚೋಣ." ಹತ್ತು ಹೆಜ್ಜೆ ನಡೆದ ಮೇಲೆ ಕೇಳಿದ: "ಆವತ್ತು ಬರೆದವನು ನಾನು ಅಂತ ಯಾಕೆ ಹೇಳಲಿಲ್ಲ?"

"ನಾನು ಹೇಳಿದ್ರೆ ಅದು ದೂರು ಆಗ್ತಿತ್ತು ಮಾವ. ನೀವು ಹೇಳಿದ್ರೆ ಸಾಕ್ಷಿ." ನಡೆಯುತ್ತಲೇ ಸೇರಿಸಿದಳು: "ಅಲ್ಲದೆ, ಮಗ್ಗಿ ಪುಸ್ತಕದ ಹಿಂದೆ ನಿಮ್ಮ ಮೀಸೆ ಕಾಣ್ತಿತ್ತು."

ಕಾರ್ಮಿಕ ಕಚೇರಿಯ ಮೊಗಸಾಲೆಯಲ್ಲಿ ಸಲಹೆಯಮ್ಮನೂ ರೋಲರ್ ಮೇಸ್ತ್ರಿಯೂ ಕಾದಿದ್ದರು. ಅವರ ಪಕ್ಕದ ಬೆಂಚಿನ ತುದಿಯಲ್ಲಿ, ತಲೆ ಬಾಚಿಕೊಂಡು, ಯಾರಿಗೂ ಹೇಳದೆ ಬಂದು ಕೂತಿದ್ದಳು ಅಕ್ಷರದಣ್ಣನ ಹೆಂಡತಿ. ಅವನು ಮೇಸ್ತ್ರಿಯ ಮುಂದೆ ನಿಂತ. ಬಟ್ಟೆ ಸುತ್ತಿದ ಆ ಬಲಗೈಯನ್ನು ಎರಡೂ ಕೈಗಳಿಂದ ಮೆಲ್ಲಗೆ ಹಿಡಿದುಕೊಂಡ. ಮೇಸ್ತ್ರಿ ಕೈ ಎಳೆದುಕೊಳ್ಳಲಿಲ್ಲ.

ಒಳಗೆ ಅಧಿಕಾರಿ ಎರಡು ಕಾಗದಗಳನ್ನು ಮುಂದಿಟ್ಟುಕೊಂಡು ತಲೆಯೆತ್ತಿದರು. "ಇವನ್ನು ಬರೆದವರು ಯಾರು?"

"ನಾನು ಸ್ವಾಮಿ," ಎಂದ ಅಕ್ಷರದಣ್ಣ. "ಇವೆರಡೇ ಅಲ್ಲ. ಒಂದರಿಂದ ಎಂಬತ್ತೇಳರವರೆಗೆ ಎಲ್ಲ ನಾನೇ. ಒಂದೊಂದೂ ಅವರವರು ಸೇರಿದ ದಿನವೇ ಬರೆದದ್ದು. ಯಾರ್ಯಾರದು ಯಾವ ಅಂಕಿ ಅಂತಲೂ ನೆನಪಿದೆ. ಹೇಳ್ತೀನಿ, ಬರೆದುಕೊಳ್ಳಿ."

ಅಧಿಕಾರಿ ಹೊಸ ಹಾಳೆಯೊಂದನ್ನು ತೆಗೆದು, ಮೇಲೆ ಅಂದಿನ ತಾರೀಖು ಬರೆದು, ಎದುರಿನ ಕುರ್ಚಿಯನ್ನು ತೋರಿಸಿದರು. ಒಂಬತ್ತು ದಿನಗಳಿಂದ ಎಲ್ಲಿಯೂ ಕೂರಲಾಗದಿದ್ದ ಮನುಷ್ಯ ಕೂತ.

"ಒಂದು," ಎಂದು ಆರಂಭಿಸಿದ. "ಅದು ನನ್ನದು. ಎರಡು ನನ್ನ ಹೆಂಡತಿಯದು."